ಪರಸಿ ಕಲ್ಲಿನ ವಯಸ್ಸೆಷ್ಟು?

ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಲಕ್ಷಾಂತರ ಮನೆಗಳ ನೆಲಕ್ಕೆ ಹಾಸಿರುವ ಕಲ್ಲು ಶಹಾಬಾದ್ ಕಲ್ಲು. ಕಲಬುರಗಿ ಸೀಮೆಯಲ್ಲಿ ಇದನ್ನು ಪರಸಿ ಎಂದೇ ಕರೆಯುತ್ತಾರೆ. ಶಾಲೆಯ ವರಾಂಡ, ಬಸ್ ನಿಲ್ದಾಣ, ದೇವಸ್ಥಾನದ ಅಂಗಳ, ಅಡುಗೆಮನೆಯ ಕಟ್ಟೆ ಎಲ್ಲ ಕಡೆಯೂ ಈ ಬೂದು ಬಣ್ಣದ ಸುಣ್ಣಕಲ್ಲು ಇದೆ. ವಿದ್ಯಾರ್ಥಿಯೊಬ್ಬ ಇದನ್ನು ತೋರಿಸಿ, "ಸರ್, ಈ ಕಲ್ಲಿಗೆ ಎಷ್ಟು ವರ್ಷ ಆಗಿರಬಹುದು?" ಎಂದು ಕೇಳಿದರೆ ಉತ್ತರ ಹೇಳುವುದು ಹೇಗೆ?

ಪ್ರಶ್ನೆ ಸರಳವಾದರೂ ಉತ್ತರ ಸರಳವಲ್ಲ. ಈ ಕಲ್ಲಿನ ಮೇಲಿರುವ ಬಂಡೆಯ ವಯಸ್ಸನ್ನು ವಿಜ್ಞಾನಿಗಳು ಬಹಳ ನಿಖರವಾಗಿ ಹೇಳಬಲ್ಲರು, ಕೆಳಗಿರುವ ಬಂಡೆಯ ವಯಸ್ಸನ್ನೂ ಹೇಳಬಲ್ಲರು. ನಡುವಿನ ಪರಸಿ ಕಲ್ಲಿನ ವಯಸ್ಸನ್ನು ಮಾತ್ರ ಒಂದೇ ಅಂಕಿಯಲ್ಲಿ ಹೇಳಲು ಆಗುವುದಿಲ್ಲ. ಹೀಗೇಕೆ ಎಂದು ತಿಳಿಯಲು ಹೊರಟರೆ, ಭೂಮಿಯ ಗತಕಾಲವನ್ನು ಭಾಗ ಮಾಡುವ ಹಾಗೂ ಅದಕ್ಕೆ ವರ್ಷಗಳ ಲೆಕ್ಕ ಕೊಡುವ ವಿದ್ಯೆ ಬೆಳೆದು ಬಂದ ಕಥೆಯೇ ತೆರೆದುಕೊಳ್ಳುತ್ತದೆ.

ಮೂರು ಅಂತಸ್ತಿನ ಭೂಮಿ

ಮೊದಲು ಸ್ಥಳ ಪರಿಚಯ ಮಾಡಿಕೊಳ್ಳೋಣ. ಆಳಂದ ತಾಲ್ಲೂಕಿನ ಜಿಡಗಾದಂಥ ಊರಿನಲ್ಲಿ ಮೇಲೆ ತೊಗರಿ ಬೆಳೆಯುವ ಎರೆ ಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಗಟ್ಟಿಯಾದ ಕರಿಕಲ್ಲು. ಈ ಕರಿಕಲ್ಲು ಬಸಾಲ್ಟ್. ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಆರಿ ಗಟ್ಟಿಯಾದದ್ದು. ಹರಿವಿನ ಮೇಲೆ ಹರಿವು ಕುಳಿತು ಮೆಟ್ಟಿಲಿನಂತೆ ಕಾಣುವುದರಿಂದ ಇದಕ್ಕೆ ದಖನ್ ಟ್ರ್ಯಾಪ್ ಎಂಬ ಹೆಸರು ಬಂದಿದೆ. ಆಳಂದ, ಅಫಜಲಪುರ ತಾಲ್ಲೂಕುಗಳ ನೆಲ ಬಹುಮಟ್ಟಿಗೆ ಇದೇ.

ಭೀಮಾ ನದಿ ದಾಟಿ ಜೇವರ್ಗಿ ಕಡೆಗೆ, ಅಥವಾ ಪೂರ್ವದಲ್ಲಿ ಶಹಾಬಾದ್, ವಾಡಿ, ಸೇಡಂ ಕಡೆಗೆ ಸಾಗಿದಂತೆ ಬಸಾಲ್ಟಿನ ಹೊದಿಕೆ ತೆಳುವಾಗುತ್ತ ಹೋಗಿ, ಅದರಡಿಯ ಸುಣ್ಣಕಲ್ಲು ಹೊರಬೀಳುತ್ತದೆ. ಹಾಳೆ ಜೋಡಿಸಿಟ್ಟಂತೆ ಪದರ ಪದರವಾಗಿ ಏಳುವ ಈ ಕಲ್ಲು ಹಿಂದೊಮ್ಮೆ ಆಳವಿಲ್ಲದ ಕಡಲಿನ ತಳದಲ್ಲಿ ಶೇಖರವಾದ ಸುಣ್ಣದ ಕೆಸರು. ಇನ್ನೂ ದಕ್ಷಿಣಕ್ಕೆ ಶಹಾಪುರ, ಯಾದಗಿರಿ ಕಡೆ ಹೋದರೆ ಸುಣ್ಣಕಲ್ಲೂ ಮುಗಿದು ಗುಂಡುಬಂಡೆಗಳ ಗ್ರಾನೈಟ್ ಬೆಟ್ಟಗಳು ಎದುರಾಗುತ್ತವೆ. ಶಹಾಪುರದ 'ಬುದ್ಧ ಮಲಗಿದ ಬೆಟ್ಟ' ಈ ಜಾತಿಯದು.

ಅಂದರೆ ಒಂದು ದಿನದ ಬಸ್ ಪ್ರಯಾಣದಲ್ಲಿ ನಾವು ಮೂರು ಅಂತಸ್ತುಗಳನ್ನು ಇಳಿದು ಬಂದಂತಾಯಿತು. ಮೇಲೆ ಬಸಾಲ್ಟ್, ನಡುವೆ ಸುಣ್ಣಕಲ್ಲು, ತಳದಲ್ಲಿ ಗ್ರಾನೈಟ್ ಮತ್ತು ನೈಸ್. ತಳದ್ದು ಮೊದಲು, ಮೇಲಿನದು ಕೊನೆಗೆ ಎಂದು ಹೇಳಲು ಯಾವ ಉಪಕರಣವೂ ಬೇಕಿಲ್ಲ.

ಅಂಕಿಗಿಂತ ಮೊದಲು ಕ್ರಮ

ಈ ಸರಳ ವಿಚಾರವನ್ನು ನಿಯಮವಾಗಿ ಬರೆದವನು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ. ನೀರಿನಲ್ಲಿ ಶೇಖರವಾದ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂದು 1669ರಲ್ಲಿ ಆತ ಪ್ರತಿಪಾದಿಸಿದ. 1788ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಟನ್, ಸಿಕಾರ್ ಪಾಯಿಂಟ್ ಎಂಬ ಕಡಲತಡಿಯಲ್ಲಿ ನೆಟ್ಟಗೆ ನಿಂತ ಪದರಗಳ ಮೇಲೆ ಓರೆಯಾಗಿ ಮಲಗಿದ ಬೇರೆ ಪದರಗಳನ್ನು ಕಂಡ. ಕೆಳಗಿನ ಪದರಗಳು ಶೇಖರವಾಗಿ, ಗಟ್ಟಿಯಾಗಿ, ಮಡಿಸಿ ನಿಂತು, ಸವೆದು ಹೋದ ಮೇಲಷ್ಟೇ ಮೇಲಿನವು ಕೂತಿರಬೇಕು. ಎರಡರ ನಡುವಿನ ಒಂದು ಗೆರೆಯಲ್ಲಿ ಊಹೆಗೂ ಮೀರಿದಷ್ಟು ಕಾಲ ಅಡಗಿದೆ ಎಂಬುದು ಅವನ ತೀರ್ಮಾನ. ಇಂಥ ಗೆರೆಗೆ ಭೂವಿಜ್ಞಾನದಲ್ಲಿ ಅನ್‌ಕನ್‌ಫರ್ಮಿಟಿ ಎಂಬ ಹೆಸರಿದೆ. ಕನ್ನಡದಲ್ಲಿ ಸ್ತರವಿಚ್ಛೇದ ಎನ್ನಬಹುದು.

ಮೂರನೆಯ ಹೆಜ್ಜೆ ಇಂಗ್ಲೆಂಡಿನ ಕಾಲುವೆ ಸರ್ವೇಯರ್ ವಿಲಿಯಂ ಸ್ಮಿತ್‌ನದು. ಒಂದೊಂದು ಸ್ತರಕ್ಕೂ ಅದರದೇ ಪಳೆಯುಳಿಕೆಗಳಿವೆ, ಅವು ಎಲ್ಲ ಕಡೆಯೂ ಒಂದೇ ಕ್ರಮದಲ್ಲಿ ಬರುತ್ತವೆ ಎಂಬುದನ್ನು ಕಂಡುಕೊಂಡ ಆತ 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂವೈಜ್ಞಾನಿಕ ನಕ್ಷೆ ಪ್ರಕಟಿಸಿದ. ದೂರದೂರದ ಎರಡು ಊರುಗಳ ಸ್ತರಗಳನ್ನು ಪಳೆಯುಳಿಕೆಗಳ ಮೂಲಕ ಹೊಂದಿಸಿ ನೋಡಬಹುದು ಎಂದಾದ ಮೇಲೆ ಹೆಸರುಗಳ ಸುರಿಮಳೆಯೇ ಆಯಿತು. ಕಾರ್ಬೊನಿಫೆರಸ್, ಕ್ರಿಟೇಶಿಯಸ್, ಕೇಂಬ್ರಿಯನ್, ಸಿಲೂರಿಯನ್, ಡೆವೋನಿಯನ್, ಪರ್ಮಿಯನ್ ಎಂಬ ಯುಗಗಳೆಲ್ಲ 1822ರಿಂದ 1841ರೊಳಗೆ ಹೆಸರು ಪಡೆದವು. 1841ರಲ್ಲಿ ಜಾನ್ ಫಿಲಿಪ್ಸ್ ಇವುಗಳನ್ನು ಪೇಲಿಯೋಜೋಯಿಕ್, ಮೀಸೋಜೋಯಿಕ್, ಸೀನೋಜೋಯಿಕ್ ಎಂಬ ಮೂರು ದೊಡ್ಡ ಕಲ್ಪಗಳಿಗೆ ಹಂಚಿದ.

ಒಂದು ವಿಷಯ ಗಮನಿಸಬೇಕು. ಈ ಯಾವ ಹೆಸರಿಗೂ ಆಗ ವರ್ಷಗಳ ಲೆಕ್ಕ ಇರಲಿಲ್ಲ. ರಾಜರ ಪಟ್ಟಿ ಇದ್ದು ಆಳ್ವಿಕೆಯ ವರ್ಷಗಳು ಇಲ್ಲದ ಇತಿಹಾಸದಂತೆ, ಕ್ರಮ ಗೊತ್ತಿತ್ತು, ಇಸವಿ ಗೊತ್ತಿರಲಿಲ್ಲ. ಇಂದಿನ ಪಠ್ಯಪುಸ್ತಕದ ಕೋಷ್ಟಕದಲ್ಲಿ ಹೆಸರು ಮತ್ತು ಅಂಕಿ ಅಕ್ಕಪಕ್ಕದಲ್ಲೇ ಇರುವುದರಿಂದ ಎರಡೂ ಒಟ್ಟಿಗೇ ಹುಟ್ಟಿದವೆಂದು ವಿದ್ಯಾರ್ಥಿಗಳು ತಿಳಿಯುವುದುಂಟು. ಭಾಗ ಮಾಡುವುದು ಒಂದು ಕೆಲಸ, ಕಾಲ ಅಳೆಯುವುದು ಮತ್ತೊಂದು. ಎರಡರ ನಡುವೆ ಸುಮಾರು ನೂರು ವರ್ಷಗಳ ಅಂತರವಿದೆ.

ಭೀಮಾ ತೀರದಲ್ಲಿ ಕಿಂಗ್ ಮತ್ತು ಫೂಟ್

ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ನೇತೃತ್ವದಲ್ಲಿ ಆರಂಭವಾಯಿತು. ಅದರ ಅಧಿಕಾರಿ ವಿಲಿಯಂ ಕಿಂಗ್ ಕಡಪ ಮತ್ತು ಕರ್ನೂಲಿನ ಶಿಲೆಗಳ ಬಗ್ಗೆ ಬರೆದ 1872ರ ವರದಿಯಲ್ಲಿ ಭೀಮಾ ನದಿಯ ಆಸುಪಾಸಿನ ಸುಣ್ಣಕಲ್ಲಿನ ಸ್ತರಗಳಿಗೆ 'ಭೀಮಾ ಶ್ರೇಣಿ' ಎಂಬ ಹೆಸರಿಟ್ಟ. ಅದನ್ನು ವಿವರವಾಗಿ ವರ್ಣಿಸಿದವನು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯ ಬಗ್ಗೆ 1876ರಲ್ಲಿ ಪ್ರಕಟವಾದ ಅವನ ಗ್ರಂಥ ಕಲಾದಗಿ ಹಾಗೂ ಭೀಮಾ ಶಿಲೆಗಳ ಅಧ್ಯಯನಕ್ಕೆ ಇಂದಿಗೂ ಆರಂಭದ ಮೆಟ್ಟಿಲು. ಮುಂದೆ ನಮ್ಮ ರಾಜ್ಯದ ಚಿನ್ನ ಹೊಂದಿದ ಶಿಲೆಗಳಿಗೆ 'ಧಾರವಾಡ' ಎಂಬ ಹೆಸರಿಟ್ಟವನೂ ಫೂಟ್ ಅವನೇ. ಹೀಗೆ ಭೀಮೆ, ಕಲಾದಗಿ, ಧಾರವಾಡಗಳು ಜಗತ್ತಿನ ಭೂವಿಜ್ಞಾನದ ಶಬ್ದಕೋಶ ಸೇರಿದವು.

ಈ ಇಬ್ಬರಿಗೂ ಸ್ಟೆನೊನ ನಿಯಮ ಮತ್ತು ಹಟನ್‌ನ ಸ್ತರವಿಚ್ಛೇದ ಸಾಕಷ್ಟು ನೆರವಾದವು. ಸುಣ್ಣಕಲ್ಲಿನ ತಳದಲ್ಲಿ ಗ್ರಾನೈಟಿನ ಸವೆದ ಮೈಯ ಮೇಲೆ ಉರುಟುಗಲ್ಲು ಮತ್ತು ಮರಳುಗಲ್ಲಿನ ಪದರಗಳು ಕೂತಿವೆ. ಆದ್ದರಿಂದ ಸುಣ್ಣಕಲ್ಲು ಗ್ರಾನೈಟಿಗಿಂತ ಎಷ್ಟೋ ಈಚಿನದು. ಸುಣ್ಣಕಲ್ಲಿನ ಸವೆದ ಮೈಯ ಮೇಲೆ ಲಾವಾ ಹರಿದಿದೆ. ಆದ್ದರಿಂದ ಅದು ಬಸಾಲ್ಟಿಗಿಂತ ಎಷ್ಟೋ ಹಿಂದಿನದು. ಆದರೆ ಸ್ಮಿತ್‌ನ ಉಪಾಯ ಇಲ್ಲಿ ಕೈಕೊಟ್ಟಿತು. ಈ ಸುಣ್ಣಕಲ್ಲಿನಲ್ಲಿ ಚಿಪ್ಪಿಲ್ಲ, ಎಲುಬಿಲ್ಲ, ಟ್ರೈಲೋಬೈಟ್ ಇಲ್ಲ. ಯುರೋಪಿನ ಯಾವ ಯುಗದ ಹೆಸರನ್ನೂ ಇದಕ್ಕೆ ಅಂಟಿಸಲು ಆಧಾರ ಸಿಗಲಿಲ್ಲ.

ಈ ತೊಡಕು ಭೀಮಾ ಶಿಲೆಗಳದ್ದು ಮಾತ್ರವಾಗಿರಲಿಲ್ಲ. ಕಡಪ, ಕಲಾದಗಿ, ವಿಂಧ್ಯ ಶಿಲೆಗಳದ್ದೂ ಅದೇ ಸ್ಥಿತಿ. 20ನೆಯ ಶತಮಾನದ ಮೊದಲ ದಶಕದಲ್ಲಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕನಾಗಿದ್ದ ಥಾಮಸ್ ಹಾಲೆಂಡ್ ಇವನ್ನೆಲ್ಲ ಒಂದು ಗುಂಪಾಗಿ ಸೇರಿಸಿ, ನಮ್ಮದೇ ಭಾಷೆಗಳ ಶಬ್ದವೊಂದನ್ನು ಆರಿಸಿದ: 'ಪುರಾಣ'. ಯುರೋಪಿನ ಅಳತೆಗೋಲಿಗೆ ಸಿಗದ ಶಿಲೆಗಳಿಗೆ ಭಾರತದ್ದೇ ಆದ ವಿಭಾಗ ಬೇಕು ಎಂಬುದು ಅವನ ಆಶಯ. ಈ ಹೆಸರು ಇಂದಿಗೂ ಬಳಕೆಯಲ್ಲಿದೆ. ಕನ್ನಡಿಗ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರ ಸಂಪಾದಕತ್ವದಲ್ಲಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 1987ರಲ್ಲಿ ಹೊರತಂದ ಸಂಪುಟದ ಹೆಸರೇ ಭಾರತ ಪರ್ಯಾಯದ್ವೀಪದ ಪುರಾಣ ಜಲಾನಯನಗಳನ್ನು ಕುರಿತದ್ದು.

ಮುಂದೆ 1975ರಲ್ಲಿ ಜನಾರ್ದನ ರಾವ್ ಮತ್ತು ಸಂಗಡಿಗರು ಭೀಮಾ ಶಿಲೆಗಳನ್ನು ಐದು ಘಟಕಗಳಾಗಿ ವಿಂಗಡಿಸಿದರು. ಕೆಳಗಿನಿಂದ ಮೇಲಕ್ಕೆ ಅವು ರಬನಪಲ್ಲಿ, ಶಹಾಬಾದ್, ಹಲಕಲ್, ಕಟಮದೇವರಹಳ್ಳಿ ಮತ್ತು ಹರವಾಳ. ಸ್ತರ ಚೆನ್ನಾಗಿ ಕಾಣುವ ಊರಿನ ಹೆಸರನ್ನೇ ಘಟಕಕ್ಕೆ ಇಡುವುದು ಭೂವಿಜ್ಞಾನದ ರೂಢಿ. ನಮ್ಮ ಪರಸಿ ಕಲ್ಲು ಇದರಲ್ಲಿ ಎರಡನೆಯ ಘಟಕ.

ಗಡಿಯಾರ ಸಿಕ್ಕಿದ್ದು

ಇನ್ನು ಅಂಕಿಗಳ ಕಥೆ. 1862ರಲ್ಲಿ ಭೌತವಿಜ್ಞಾನಿ ಕೆಲ್ವಿನ್, ಕಾದು ಕರಗಿದ್ದ ಭೂಮಿ ಇಂದಿನ ಸ್ಥಿತಿಗೆ ತಣಿಯಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿ, ಭೂಮಿಯ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷಗಳೊಳಗೆ ಇರಬೇಕೆಂದ. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದ. ಭೂವಿಜ್ಞಾನಿಗಳಿಗೆ ಇದು ತೀರ ಕಡಿಮೆ ಎನಿಸಿತು. ಆದರೆ ಗಣಿತಕ್ಕೆ ಎದುರಾಗಿ ಹೇಳಲು ಅವರ ಬಳಿ ಅಂಕಿಗಳಿರಲಿಲ್ಲ.

1896ರಲ್ಲಿ ಬೆಕೆರೆಲ್ ವಿಕಿರಣಪಟುತ್ವವನ್ನು ಕಂಡುಹಿಡಿದ. ಯುರೇನಿಯಂ ಕ್ಷಯಿಸುತ್ತ ಕೊನೆಗೆ ಸೀಸವಾಗುತ್ತದೆ. ಈ ಕ್ಷಯದ ವೇಗವನ್ನು ಶಾಖವಾಗಲಿ ಒತ್ತಡವಾಗಲಿ ಬದಲಿಸುವುದಿಲ್ಲ. ಹಾಗಾದರೆ ಖನಿಜವೊಂದರಲ್ಲಿ ಉಳಿದ ಯುರೇನಿಯಂ ಎಷ್ಟು, ಹುಟ್ಟಿದ ಸೀಸ ಎಷ್ಟು ಎಂದು ಅಳೆದರೆ ವಯಸ್ಸು ಸಿಗಬೇಕಲ್ಲವೆ? 1907ರಲ್ಲಿ ಅಮೆರಿಕದ ಬೋಲ್ಟ್‌ವುಡ್ ಹೀಗೆ ಅಳೆದು 41 ಕೋಟಿಯಿಂದ 220 ಕೋಟಿ ವರ್ಷಗಳವರೆಗಿನ ವಯಸ್ಸುಗಳನ್ನು ಪ್ರಕಟಿಸಿದ. ಇಂಗ್ಲೆಂಡಿನ ಆರ್ಥರ್ ಹೋಮ್ಸ್ 1911ರಿಂದ ಈ ಅಂಕಿಗಳನ್ನು ಯುಗಗಳ ಪಟ್ಟಿಗೆ ಜೋಡಿಸುವ ಕೆಲಸವನ್ನೇ ಬದುಕಾಗಿಸಿಕೊಂಡ. 1955ರಲ್ಲಿ ಆತ ಭಾರತ ಮತ್ತು ಸಿಂಹಳದ ಅತಿ ಪ್ರಾಚೀನ ಶಿಲೆಗಳ ಕಾಲನಿರ್ಣಯದ ಬಗ್ಗೆಯೂ ಬರೆದ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ತೋರಿಸಿದ. ಅಂಕಿ ಈಗಲೂ ಬಹುತೇಕ ಅದೇ ಆಗಿ ಉಳಿದಿದೆ.

ಈ ಗಡಿಯಾರ ಅತ್ಯುತ್ತಮವಾಗಿ ನಡೆಯುವುದು ಜಿರ್ಕಾನ್ ಎಂಬ ಪುಟ್ಟ ಹರಳಿನಲ್ಲಿ. ಕರಗಿದ ಶಿಲಾಪಾಕದಿಂದ ಜಿರ್ಕಾನ್ ಹರಳುಗಟ್ಟುವಾಗ ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಆದ್ದರಿಂದ ಒಳಗೆ ಈಗ ಕಾಣುವ ಸೀಸವೆಲ್ಲ ಬಹುತೇಕ ಆಮೇಲೆ ಹುಟ್ಟಿದ್ದು. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಇದರ ಪ್ರಕಾರ ಲೆಕ್ಕ ಹಾಕಿದರೆ, ಹರಳಿನಲ್ಲಿ ಉಳಿದಿರುವ ಪ್ರತಿ 100 ಯುರೇನಿಯಂ-238 ಪರಮಾಣುಗಳಿಗೆ ಸುಮಾರು 1 ಸೀಸ-206 ಪರಮಾಣು ಇದ್ದರೆ ಅದರ ವಯಸ್ಸು 6.6 ಕೋಟಿ ವರ್ಷ. 47 ಇದ್ದರೆ ವಯಸ್ಸು 250 ಕೋಟಿ ವರ್ಷ. ಘಾತಾಂಕ ಕಲಿತ ಪಿ.ಯು. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ಈ ಎರಡು ಅಂಕಿಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಒಂದು ನಮ್ಮ ಮೇಲಿನ ಅಂತಸ್ತಿನದು, ಇನ್ನೊಂದು ತಳದ್ದು.

ಮೇಲಿನ ಅಂತಸ್ತು: ಕರಿಕಲ್ಲು

ದಖನ್ ಟ್ರ್ಯಾಪ್ ಕ್ರಿಟೇಶಿಯಸ್ ಯುಗದ್ದೋ, ಅದರ ನಂತರದ್ದೋ ಎಂಬ ವಿವಾದ ದೀರ್ಘಕಾಲ ನಡೆಯಿತು. ಎರಡು ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ಕೆರೆಕುಂಟೆಗಳು ಮೂಡಿ, ಅವುಗಳ ಕೆಸರಿನಲ್ಲಿ ಬಸವನಹುಳು, ಗಿಡಮರಗಳ ಅವಶೇಷಗಳು ಉಳಿದಿವೆ. ಗುರುಮಠಕಲ್ ಬಳಿಯೂ ಇಂಥ ಸ್ತರಗಳಿವೆ. ಹೀಗೆ ಸಿಕ್ಕ ಸಸ್ಯ ಪಳೆಯುಳಿಕೆಗಳ ಆಧಾರದ ಮೇಲೆ ಬೀರಬಲ್ ಸಾಹ್ನಿ 1934ರಲ್ಲಿ ಈ ಪ್ರಶ್ನೆಯನ್ನು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಎತ್ತಿ, ಲಾವಾ ಕ್ರಿಟೇಶಿಯಸ್ ನಂತರದ್ದೆಂದು ವಾದಿಸಿದರು.

ಪೊಟ್ಯಾಸಿಯಂ ಆರ್ಗಾನ್ ಆಗುವ ಕ್ಷಯವನ್ನು ಬಳಸಿ ಮುಂದೆ ಮಾಡಿದ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ. ಆರ್ಗಾನ್ ಅನಿಲವಾದ್ದರಿಂದ ಶಿಥಿಲವಾದ ಕಲ್ಲಿನಿಂದ ಸೋರಿಹೋಗುತ್ತದೆ. ಸೋರಿದಷ್ಟೂ ಕಲ್ಲು ಎಳೆಯದಾಗಿ ಕಾಣುತ್ತದೆ. ಅಳತೆಯ ವಿಧಾನ ಸುಧಾರಿಸಿದ ಮೇಲೆ 1980ರ ದಶಕದ ಕೊನೆಗೆ, ಲಾವಾದ ಬಹುಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಲ್ಪಾವಧಿಯಲ್ಲಿ ಹರಿಯಿತೆಂಬುದು ಸ್ಪಷ್ಟವಾಯಿತು. 2015ರಲ್ಲಿ ಪ್ರಕಟವಾದ ಜಿರ್ಕಾನ್ ಅಳತೆಗಳು ಮುಖ್ಯ ಹಂತಕ್ಕೆ ಸುಮಾರು ಏಳೂವರೆ ಲಕ್ಷ ವರ್ಷ ಹಿಡಿಯಿತೆಂದು ತೋರಿಸಿದವು. ಡೈನೊಸಾರ್‌ಗಳು ಅಳಿದ, ಕ್ರಿಟೇಶಿಯಸ್ ಮುಗಿಯುವ ಗಡಿ ಈ ಅವಧಿಯ ಒಳಗೇ ಬೀಳುತ್ತದೆ. ಲಾವಾ ಕ್ರಿಟೇಶಿಯಸ್‌ನದೂ ಹೌದು, ನಂತರದ್ದೂ ಹೌದು. ಹಳೆಯ ವಾದದಲ್ಲಿ ಎರಡೂ ಪಕ್ಷಗಳಿಗೆ ಪಾಲು ಸಿಕ್ಕಿತು.

ತಳದ ಅಂತಸ್ತು: ಗ್ರಾನೈಟ್

ಕರ್ನಾಟಕದ ತಳಶಿಲೆಗೆ 'ಪೆನಿನ್ಸುಲರ್ ನೈಸ್' ಎಂಬ ಹೆಸರು ಬಂದದ್ದು 1916ರಲ್ಲಿ, ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅವರಿಂದ. 1980ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ನೈಸ್ 336 ಕೋಟಿ ವರ್ಷ ಹಳೆಯದೆಂದು ಪ್ರಕಟವಾಯಿತು. ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳದು. ರಾಜ್ಯದ ಪೂರ್ವಭಾಗದ ಗ್ರಾನೈಟುಗಳು ಬಹುಮಟ್ಟಿಗೆ ಈ ಎರಡನೆಯ ಕಾಲಕ್ಕೆ ಸೇರುತ್ತವೆ. ಭೀಮಾ ಶಿಲೆಗಳಿಗೆ ಅಡಿಪಾಯವಾದದ್ದು ಇಂಥ ಶಿಲೆ.

ನಡುವಿನ ಅಂತಸ್ತು ಏಕೆ ಮೌನ?

ಈಗ ನಮ್ಮ ಪ್ರಶ್ನೆಗೆ ಬರೋಣ. ಪರಸಿ ಕಲ್ಲು 250 ಕೋಟಿ ವರ್ಷಕ್ಕಿಂತ ಈಚಿನದು, 6.6 ಕೋಟಿ ವರ್ಷಕ್ಕಿಂತ ಹಿಂದಿನದು. ಇದು ನಿಸ್ಸಂಶಯ. ಆದರೆ ಈ ಅಂತರ ಬಹಳ ದೊಡ್ಡದು. ಕಲ್ಲನ್ನೇ ನೇರವಾಗಿ ಅಳೆಯಬಾರದೆ?

ತೊಡಕಿರುವುದು ಕಲ್ಲು ಹುಟ್ಟಿದ ಬಗೆಯಲ್ಲಿ. ವಿಕಿರಣ ಗಡಿಯಾರ ಓಡಲು ಶುರುವಾಗುವುದು ಹರಳು ಹುಟ್ಟಿದಾಗ. ಅಗ್ನಿಶಿಲೆಯಲ್ಲಿ ಹರಳು ಹುಟ್ಟಿದ ಗಳಿಗೆಯೇ ಕಲ್ಲು ಹುಟ್ಟಿದ ಗಳಿಗೆ. ಪದರಶಿಲೆಯಲ್ಲಿ ಹಾಗಲ್ಲ. ಮರಳುಗಲ್ಲಿನ ಜಿರ್ಕಾನ್ ಕಣ ಬೇರೆಲ್ಲೋ ಹುಟ್ಟಿ, ಹೊಳೆಯಲ್ಲಿ ಹರಿದು ಬಂದು ಇಲ್ಲಿ ಸೇರಿದ್ದು. ಅದನ್ನು ಅಳೆದರೆ ಸಿಗುವುದು ತವರಿನ ವಯಸ್ಸು. ಹಳೆಯ ಇಟ್ಟಿಗೆಗಳಿಂದ ಹೊಸ ಮನೆ ಕಟ್ಟಿದಂತೆ: ಇಟ್ಟಿಗೆಯ ವಯಸ್ಸು ಮನೆಯ ವಯಸ್ಸಲ್ಲ, ಮನೆ ಅದಕ್ಕಿಂತ ಹಳೆಯದಾಗಿರಲಾರದು ಎಂದಷ್ಟೇ ಹೇಳಬಹುದು.

ಯುರೇನಿಯಂ ಈ ಸೀಮೆಯಲ್ಲೇ ಇದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಅದರ ನಿಕ್ಷೇಪ ಪತ್ತೆಯಾಗಿದೆ. ಆದರೆ ಆ ಅದಿರು ಕಲ್ಲು ಸೀಳಿದ ಮೇಲೆ ಬಿರುಕುಗಳಿಗೆ ಬಂದು ಸೇರಿದ್ದು. ಅದರ ಗಡಿಯಾರ ಹೇಳುವುದು ಅದಿರು ಬಂದ ಕಾಲವನ್ನು, ಸುಣ್ಣದ ಕೆಸರು ಕೂತ ಕಾಲವನ್ನಲ್ಲ.

ಇಂಥ ಶಿಲೆಗಳ ಬಾಯಿ ಬಿಡಿಸಬಲ್ಲದ್ದು ಜ್ವಾಲಾಮುಖಿಯ ಬೂದಿ. ಪದರಗಳ ನಡುವೆ ಬೂದಿ ಬಿದ್ದಿದ್ದರೆ, ಅದರ ಜಿರ್ಕಾನ್ ಆ ಪದರ ಕೂತ ಕಾಲವನ್ನೇ ಹೇಳುತ್ತದೆ. ಪುರಾಣ ಶಿಲೆಗಳಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆ ಸೋನ್ ಕಣಿವೆಯ ವಿಂಧ್ಯ ಶಿಲೆಗಳದು. ಅವುಗಳ ಕೆಳಭಾಗದ ವಯಸ್ಸಿನ ಬಗ್ಗೆ ದೀರ್ಘ ವಿವಾದವಿತ್ತು. ಕೆಲವರು ಅವುಗಳನ್ನು ಕೇಂಬ್ರಿಯನ್ ಹೊಸ್ತಿಲಿನವರೆಗೂ ಈಚೆಗೆ ತಂದಿದ್ದರು. 2002ರಲ್ಲಿ ಎರಡು ಬೇರೆ ಬೇರೆ ತಂಡಗಳು ಅಲ್ಲಿನ ಬೂದಿಸ್ತರಗಳ ಜಿರ್ಕಾನ್ ಅಳೆದು ಸುಮಾರು 163 ಕೋಟಿ ವರ್ಷ ಎಂದು ತೋರಿಸಿದವು. ಒಂದೇ ಅಳತೆಗೆ ಕಾಲ ಸುಮಾರು 100 ಕೋಟಿ ವರ್ಷ ಹಿಂದಕ್ಕೆ ಸರಿಯಿತು.

ಭೀಮಾ ಶಿಲೆಗಳಿಗೆ ಅಂಥ ನಿರ್ಣಾಯಕ ಸಾಕ್ಷಿ ಒದಗಿಲ್ಲ. ಸಿಕ್ಕಿರುವುದು ಸೂಕ್ಷ್ಮ ಸುಳಿವುಗಳು. ಹಲಕಲ್ ಜೇಡಿಗಲ್ಲಿನಲ್ಲಿ ಕಪ್ಪು ಚುಕ್ಕೆ, ಪಟ್ಟಿಗಳಂತೆ ಕಾಣುವ ಇಂಗಾಲದ ಪಳೆಯುಳಿಕೆಗಳಿರುವುದು 1996ರಲ್ಲಿ ವರದಿಯಾಯಿತು. ಚುವಾರಿಯಾ, ತಾವುಯಿಯಾ ಎಂಬ ಇಂಥ ರೂಪಗಳು ಚಿಪ್ಪಿನ ಪ್ರಾಣಿಗಳು ಬರುವ ಮೊದಲಿನ ಕಡಲುಗಳವು. ಇಂಥ ಆಧಾರಗಳಿಂದ ಭೀಮಾ ಶಿಲೆಗಳನ್ನು ಸಾಮಾನ್ಯವಾಗಿ ನಿಯೋಪ್ರೊಟೆರೊಜೋಯಿಕ್ ಕಲ್ಪಕ್ಕೆ, ಅಂದರೆ 100 ಕೋಟಿಯಿಂದ ಸುಮಾರು 54 ಕೋಟಿ ವರ್ಷಗಳ ಹಿಂದಿನ ಅವಧಿಗೆ ಸೇರಿಸುತ್ತಾರೆ. ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಗ್ರಾನೈಟು, ಬಸಾಲ್ಟುಗಳ ನಡುವೆ 240 ಕೋಟಿ ವರ್ಷಗಳಷ್ಟಿದ್ದ ಅನಿಶ್ಚಯ ಇಷ್ಟರ ಮಟ್ಟಿಗೆ ಕಿರಿದಾಗಿದೆ. ಇದು ಸೋಲಲ್ಲ, ಪ್ರಗತಿ.

ಗಡಿಗಲ್ಲುಗಳು

ಇಂದು ಯುಗಗಳ ಗಡಿಯನ್ನು ನಿರ್ಧರಿಸುವುದು ಅಂತರರಾಷ್ಟ್ರೀಯ ಸ್ತರವಿಜ್ಞಾನ ಆಯೋಗ. ಕೇಂಬ್ರಿಯನ್‌ನಿಂದ ಈಚಿನ ಯುಗಗಳಿಗೆ ಎಲ್ಲೋ ಒಂದು ಕಡೆ, ಒಂದು ನಿರ್ದಿಷ್ಟ ಸ್ತರದಲ್ಲಿ ಗಡಿ ಗೊತ್ತು ಮಾಡುತ್ತಾರೆ. ಇದಕ್ಕೆ 'ಚಿನ್ನದ ಮೊಳೆ' ಎಂಬ ಅಡ್ಡಹೆಸರಿದೆ. ಮೊದಲನೆಯದು 1972ರಲ್ಲಿ ಇಂದಿನ ಚೆಕ್ ಗಣರಾಜ್ಯದ ಕ್ಲೋಂಕ್‌ನಲ್ಲಿ ನಿಗದಿಯಾಯಿತು. ಕ್ರಿಟೇಶಿಯಸ್ ಮುಗಿಯುವ ಗಡಿ ಟ್ಯುನೀಷಿಯದ ಎಲ್ ಕೆಫ್‌ನಲ್ಲಿದೆ. 2018ರಲ್ಲಿ ಅಂಗೀಕಾರವಾದ 'ಮೇಘಾಲಯನ್' ಕಾಲಘಟ್ಟದ ಗಡಿ ನಮ್ಮ ಮೇಘಾಲಯದ ಗುಹೆಯೊಂದರ ಸುಣ್ಣದ ಕಂಬದಲ್ಲಿದೆ.

ಕೇಂಬ್ರಿಯನ್‌ಗಿಂತ ಹಿಂದೆ ಈ ಉಪಾಯ ಹೆಚ್ಚು ನಡೆಯುವುದಿಲ್ಲ, ಏಕೆಂದರೆ ಹೊಂದಿಸಿ ನೋಡಲು ತಕ್ಕ ಪಳೆಯುಳಿಕೆಗಳಿಲ್ಲ. ಆದ್ದರಿಂದ ಅಲ್ಲಿನ ಬಹುಪಾಲು ಗಡಿಗಳು ಬರೀ ಅಂಕಿಗಳು. ಆರ್ಕಿಯನ್ ಮುಗಿದು ಪ್ರೊಟೆರೊಜೋಯಿಕ್ ಆರಂಭವಾಗುವುದು 250 ಕೋಟಿಗೆ, ನಿಯೋಪ್ರೊಟೆರೊಜೋಯಿಕ್ ಆರಂಭವಾಗುವುದು 100 ಕೋಟಿಗೆ. ಅಂಕಿಯೇ ಸಿಗದ ಭೀಮಾ ಶಿಲೆಗಳು ಅಂಕಿಯಿಂದಲೇ ಭಾಗ ಮಾಡಿದ ಕಾಲಕ್ಕೆ ಸೇರಿವೆ. 

ತರಗತಿಯಲ್ಲಿ

ಕಲಬುರಗಿ ಸೀಮೆಯ ಭೂಚರಿತ್ರೆಯಲ್ಲಿ ಉಳಿದ ಪುಟಗಳಿಗಿಂತ ಕಳೆದುಹೋದ ಪುಟಗಳೇ ಹೆಚ್ಚು. ಗ್ರಾನೈಟಿಗೂ ಸುಣ್ಣಕಲ್ಲಿಗೂ ನಡುವಿನ ಗೆರೆಯಲ್ಲಿ 100 ಕೋಟಿ ವರ್ಷಗಳಿಗೂ ಮೀರಿದ ಕಾಲ ಅಡಗಿರಬಹುದು. ಸುಣ್ಣಕಲ್ಲಿಗೂ ಬಸಾಲ್ಟಿಗೂ ನಡುವೆ ಕನಿಷ್ಠ 47 ಕೋಟಿ ವರ್ಷ. ಟ್ರೈಲೋಬೈಟುಗಳು, ಕಲ್ಲಿದ್ದಲಿನ ಕಾಡುಗಳು, ಡೈನೊಸಾರ್‌ಗಳ ಹೆಚ್ಚಿನ ಚರಿತ್ರೆ ಎಲ್ಲ ಆ ಎರಡನೆಯ ಗೆರೆಯಲ್ಲಿ ಮುಚ್ಚಿಹೋಗಿದೆ. ಮನುಷ್ಯ ಬಂದದ್ದು ಇದೆಲ್ಲ ಆದ ಮೇಲೆ. ಸುರಪುರ ಸೀಮೆಯ ಇಸಾಂಪುರದಲ್ಲಿ ಆದಿಮಾನವರು ಇದೇ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಆಯುಧ ಮಾಡಿಕೊಂಡರು. ಅದಕ್ಕೆ ಸುಮಾರು 12 ಲಕ್ಷ ವರ್ಷ ಎಂಬ ಅಂದಾಜನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಪರಸಿ ಕಲ್ಲಿನ ಉಪಯೋಗ ಅಷ್ಟು ಹಳೆಯದು.

ಶಿಕ್ಷಕರು ಕೋಷ್ಟಕ ಬಾಯಿಪಾಠ ಮಾಡಿಸುವ ಮೊದಲು ಮಕ್ಕಳನ್ನು ಹತ್ತಿರದ ಬಾವಿ, ರಸ್ತೆ ಕಡಿತ ಇಲ್ಲವೇ ಕೆಲಸ ನಿಂತ ಸುರಕ್ಷಿತ ಕಲ್ಲುಗಣಿಯ ಅಂಚಿಗೆ ಕರೆದೊಯ್ಯಲಿ. ಮೇಲೆ ಯಾವುದು, ಕೆಳಗೆ ಯಾವುದು, ನಡುವಿನ ಗೆರೆ ಸಪಾಟಾಗಿದೆಯೇ ಸವೆದಿದೆಯೇ ಎಂದು ಬರೆಸಲಿ. ಗಣಿಗಳು ನೀರು ತುಂಬಿ, ಕಸ ತುಂಬಿ ಮುಚ್ಚುತ್ತಿರುವಾಗ ಇಂಥ ಗೆರೆಗಳನ್ನು ಗುರುತಿಸಿ ಉಳಿಸಿಕೊಳ್ಳುವುದೂ ಒಂದು ಕೆಲಸ. ಮುಂದೆ ಯಾವನೋ ಸಂಶೋಧಕನಿಗೆ ಬೇಕಾದ ತೆಳ್ಳಗಿನ ಬೂದಿಪದರ ಅಂಥ ಗೋಡೆಯಲ್ಲೇ ಇದ್ದೀತು.

ಆಗ ವಿದ್ಯಾರ್ಥಿ ಕಲ್ಲಿನ ವಯಸ್ಸು ಕೇಳಿದರೆ ಹೀಗೆ ಹೇಳಬಹುದು: "ಶಹಾಪುರದ ಗುಡ್ಡಕ್ಕಿಂತ ಚಿಕ್ಕದು, ಜಿಡಗಾದ ಕರಿಕಲ್ಲಿಗಿಂತ ದೊಡ್ಡದು. ಚಿಪ್ಪಿನ ಪ್ರಾಣಿಗಳು ಬರುವ ಮೊದಲಿನ ಕಡಲಿನದು. ಸರಿಯಾದ ಅಂಕಿ ಇನ್ನೂ ಯಾರಿಗೂ ಸಿಕ್ಕಿಲ್ಲ." ಕೊನೆಯ ವಾಕ್ಯ ಹೇಳಲು ಶಿಕ್ಷಕರು ಸಂಕೋಚಪಡಬೇಕಿಲ್ಲ. ಕೇಳಿದ ಮಗು ಮುಂದೊಂದು ದಿನ ಅದನ್ನು ತಿದ್ದಬಹುದು.